ಥಿಂಕ್‌ಪ್ಯಾಡ್ ಟಿ480ಗೆ ರ‍್ಯಾಮ್ ಮನೇಲೇ ಹಾಕ್ಕೋಬಹುದಾ?

ಪ್ರಶ್ನೆ:
ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480 ತಗೊಂಡಿದೀನಿ, 8 ಜಿಬಿ ರ‍್ಯಾಮ್ ಇದೆ, ಕ್ರೋಮ್ ಜೊತೆ ಆಂಡ್ರಾಯ್ಡ್ ಸ್ಟುಡಿಯೋ (ಆಪ್ ಬರೆಯೋ ಸಾಫ್ಟ್‌ವೇರ್) ತೆಗೆದ್ರೆ ಮೌಸೇ ನಿಂತ್ಹೋಗತ್ತೆ. ಅಂಗಡೀಲಿ ಕೇಳಿದ್ರೆ ಬಿಟ್ಟು ಹೋಗಿ ನೋಡೋಣ ಅಂತಾರೆ, ಕೆಲಸದ ಮಷೀನ್ ಬಿಟ್ಟು ಬರೋಕೆ ಮನಸ್ಸಿಲ್ಲ. ನಾನೇ ಬಿಚ್ಚಬಹುದಾ? ಇನ್ನೊಂದು 8 ಸಾಕಾ, 16 ಹಾಕ್ಲಾ? ಹಳೇ ಲ್ಯಾಪ್‌ಟಾಪಿಂದು ಡಿಡಿಆರ್3 ರ‍್ಯಾಮ್ ಸ್ಟಿಕ್ ಒಂದು ಇದೆ, ಅದು ಆಗತ್ತಾ?

ಉತ್ತರ 1:
ಧೈರ್ಯವಾಗಿ ಬಿಚ್ಚಿ. ಡಿಡಿಆರ್3 ಆಗಲ್ಲ, ಅದಕ್ಕೆ 204 ಪಿನ್, ಇದಕ್ಕೆ ಬೇಕಿರೋ ಡಿಡಿಆರ್4ಗೆ 260, ಕಚ್ಚೂ ಬೇರೆ ಜಾಗದಲ್ಲಿರತ್ತೆ, ಒತ್ತಿ ತುರುಕೋಕೆ ಹೋಗ್ಬೇಡಿ ಸ್ಲಾಟೇ ಹಾಳಾಗತ್ತೆ. ಮೊದ್ಲು ಟಾಸ್ಕ್ ಮ್ಯಾನೇಜರಲ್ಲಿ ಪರ್ಫಾರ್ಮೆನ್ಸ್, ಮೆಮೊರಿ ನೋಡಿ, ಎರಡು ಸ್ಲಾಟಲ್ಲಿ ಎಷ್ಟು ತುಂಬಿದೆ ಅಂತ ತೋರಿಸತ್ತೆ. ಒಂದೇ ತುಂಬಿದ್ರೆ ಹಳೇದು ತೆಗೆಯೋದೇ ಬೇಡ. ನಿಮ್ಮ ಕೆಲಸಕ್ಕೆ 16ರ ಸ್ಟಿಕ್ಕೇ ತಗೊಳ್ಳಿ, ಎಮ್ಯುಲೇಟರ್ (ಆಪ್ ಪರೀಕ್ಷೆಗೆ ಸ್ಕ್ರೀನ್ ಮೇಲೆ ಓಡೋ ನಕಲಿ ಫೋನ್) ಒಂದೇ ಎಷ್ಟೊಂದು ತಿನ್ನತ್ತೆ. 8+16 ಹಾಕಿದ್ರೆ 8+8 ಭಾಗ ಡ್ಯುಯಲ್ ಚಾನೆಲ್ಲಲ್ಲಿ (ಎರಡೂ ಸ್ಟಿಕ್ ಒಟ್ಟಿಗೆ, ವೇಗವಾಗಿ) ಓಡತ್ತೆ, ಉಳಿದ 8 ಸಿಂಗಲ್ಲಲ್ಲಿ, ಏನೂ ತೊಂದರೆ ಇಲ್ಲ.

ಉತ್ತರ 2:
ಮುಖ್ಯ ಮಾತೇ ಬಿಟ್ರಲ್ರೀ. ಟಿ480ಯೊಳಗ ಎರಡು ಬ್ಯಾಟರಿ ಇರ್ತಾವ. ಹೊರಗಿಂದು ತಗದ್ರೂ ಒಳಗಿಂದು ಬೋರ್ಡಿಗೆ ಕರೆಂಟ್ ಕೊಡ್ತಾನ ಇರ್ತದ. ಅದಕ್ಕ ಬಿಚ್ಚೋಕಿಂತ ಮೊದ್ಲ ಬಯಾಸ್‌ಗೆ (ವಿಂಡೋಸ್ ಶುರು ಆಗೋಕಿಂತ ಮೊದ್ಲ ಬರೋ ಸೆಟ್ಟಿಂಗ್ಸಿಗೆ) ಹೋಗಿ ಕಾನ್ಫಿಗ್, ಪವರ್‌ನ್ಯಾಗ "ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ" ಒತ್ರಿ, ಮಷೀನ್ ತಾನ ಆಫ್ ಆಗ್ತದ. ಎಲ್ಲಾ ಮುಗಿಸಿ ಚಾರ್ಜರ್ ಹಾಕಿದ್ರ ಮತ್ತ ಚಾಲೂ. ಕೆಳಗಿನ ಸ್ಕ್ರೂ ಪೂರಾ ಹೊರಗ ಬರಂಗಿಲ್ಲ, ಕವರಿಗೇ ಅಂಟಿಕೊಂಡಿರ್ತಾವ, ಜಗ್ಗಬ್ಯಾಡ್ರಿ, ಸಡಿಲ ಮಾಡಿ ಹಳೇ ಎಟಿಎಂ ಕಾರ್ಡಿಂದ ಅಂಚು ಎಬ್ಬಿಸ್ರಿ.

ಉತ್ತರ 3:
ಸ್ಟಿಕ್ಕಿನ ಹಳದಿ ಪಿನ್ ಮುಟ್ಟದೆ ಅಂಚು ಹಿಡ್ಕೊಳ್ಳಿ, ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿದ್ರೆ ಎರಡೂ ಕಡೆ ಕ್ಲಿಪ್ ಟಕ್ ಅನ್ನತ್ತೆ. ತೆಗೆಯೋವಾಗ ಎರಡೂ ಕ್ಲಿಪ್ ಹೊರಕ್ಕೆ ಸರಿಸಿ ಸಾಕು, ತಾನೇ ಮೇಲೇಳತ್ತೆ. ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಸ್ವಲ್ಪ ಹೊತ್ತು ಕಪ್ಪಾಗೇ ಇರತ್ತೆ, ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ನೋಡ್ದೆ, ಒಂದೇ ಸ್ಲಾಟ್ ತುಂಬಿದೆ. ಬೆಂಗಳೂರಿನ ಎಸ್‌ಪಿ ರೋಡಲ್ಲಿ 3200ರ ಸ್ಪೀಡಿನ ಸ್ಟಿಕ್ಕೇ ಜಾಸ್ತಿ ಸಿಗ್ತಿದೆ, ನಂದು 2400. ಪರವಾಗಿಲ್ವಾ?

ಉತ್ತರ 1:
ಆಗತ್ತೆ, 2400ಕ್ಕೇ ಇಳಿದು ಓಡತ್ತೆ. ಎಸ್‌ಓ-ಡಿಮ್ (ಲ್ಯಾಪ್‌ಟಾಪಿನ ಚಿಕ್ಕ ಸ್ಟಿಕ್) ಅಂತ ಕೇಳಿ ತಗೊಳ್ಳಿ, ಡೆಸ್ಕ್‌ಟಾಪಿಂದು ಉದ್ದ ಇರತ್ತೆ. ವಾಪಸ್ ತಗೋತಾರಾ ಅಂತ ಬಿಲ್ ಮೇಲೆ ಬರೆಸ್ಕೊಳ್ಳಿ, ಹಾಕಿದ ರಾತ್ರಿನೇ ಮೆಮ್‌ಟೆಸ್ಟ್ (ರ‍್ಯಾಮ್ ಪರೀಕ್ಷಿಸೋ ಸಾಫ್ಟ್‌ವೇರ್) ಓಡಿಸಿ, ಒಂದು ಎರರ್ ಬಂದ್ರೂ ಮತ್ತೊಂದ್ಸಲ ತೆಗ್ದು ಹಾಕಿ ನೋಡಿ, ಆಗ್ಲೂ ಬಂದ್ರೆ ಬದಲಾಯಿಸ್ಕೊಂಡು ಬನ್ನಿ.