ಎಂಎಸ್ ಪ್ರಾಜೆಕ್ಟ್‌ನಾಗ ವಾರವಾರ ಅಪ್‌ಡೇಟ್ ಮಾಡಿದ್ರೂ ಮುಗಿಯೋ ತಾರೀಖು ಕದಲವಲ್ದು, ಯಾಕ?

ಸೈಟ್ ಆಫೀಸ್, ಕಲಬುರಗಿ

ಸೇಡಂ ರೋಡ್ ಕಡೆ ಜಿ ಪ್ಲಸ್ 2 (ನೆಲಮಹಡಿ ಮ್ಯಾಲ ಎರಡು ಮಹಡಿ) ಹಾಸ್ಟೆಲ್ ಕಟ್ಟಡ, ಅವಧಿ 14 ತಿಂಗಳು. ಶುರುವಿನಾಗ ಎಂಎಸ್ ಪ್ರಾಜೆಕ್ಟ್ ಅನ್ನೋ ಪ್ಲಾನಿಂಗ್ ಸಾಫ್ಟ್‌ವೇರ್‌ನಾಗ ಶೆಡ್ಯೂಲ್ ಮಾಡಿ ಬೇಸ್‌ಲೈನ್ (ಮೂಲ ಪ್ಲಾನ್‌ನ ನಕಲು) ಇಟ್ಟೀವಿ, ಅಪ್ರೂವಲ್ಲೂ ಆಗೇದ. ಪ್ರತಿ ಶನಿವಾರ ಸೈಟ್ ಎಂಜಿನಿಯರ್ ಪರ್ಸೆಂಟ್ ಕೊಡತಾರ, ಅದನ್ನ ಪರ್ಸೆಂಟ್ ಕಂಪ್ಲೀಟ್ ಕಾಲಮ್‌ನಾಗ ತುಂಬತೀನಿ. ಕೆಲಸ ತಿಂಗಳಷ್ಟು ಹಿಂದ ಬಿದ್ದದ್ದು ಕಣ್ಣಿಗೇ ಕಾಣತದ, ಶೆಡ್ಯೂಲ್ ಮಾತ್ರ ಹಳೇ ತಾರೀಖೇ ತೋರಸತದ. ಎಲ್ಲಿ ತಪ್ಪಾಗತದ? ಸೈಟ್‌ನಿಂದ ಖರೇ ಏನೇನು ಮಾಹಿತಿ ತರಿಸಬೇಕು?

ಪ್ಲಾನಿಂಗ್ ಟೇಬಲ್

ತಪ್ಪು ಆ ಪರ್ಸೆಂಟ್ ಕಾಲಮ್‌ನಲ್ಲೇ ಇದೆ ಸರ್. ಅಲ್ಲಿ 100 ಎಂದು ಹೊಡೆದರೆ, ಕೆಲಸ ಶೆಡ್ಯೂಲ್‌ನಲ್ಲಿದ್ದ ತಾರೀಖಿಗೇ ಮುಗಿಯಿತು ಎಂದು ಎಂಎಸ್ ಪ್ರಾಜೆಕ್ಟ್ ತಿಳಿಯುತ್ತದೆ. 10ಕ್ಕೆ ಮುಗಿಯಬೇಕಿದ್ದ ಪ್ಲಿಂತ್ ಬೀಮ್ (ನೆಲಮಟ್ಟದ ತೊಲೆ) 22ಕ್ಕೆ ಮುಗಿದಿದ್ದರೂ ಆಕ್ಚುವಲ್ ಫಿನಿಶ್‌ನಲ್ಲಿ 10 ಎಂದೇ ಬೀಳುತ್ತದೆ. 40 ಹಾಕಿದರೂ ಅಷ್ಟೇ: ಹೇಳಿದ ದಿನವೇ ಶುರುವಾಗಿದೆ, ಅವಧಿಯಲ್ಲಿ ನೂರಕ್ಕೆ 40 ಕಳೆದಿದೆ ಎಂದಷ್ಟೇ ಅದರ ಲೆಕ್ಕ. ಹೀಗಾದರೆ ತಡ ಎಲ್ಲಿಂದ ಕಾಣಬೇಕು?

ಸೈಟ್‌ನಿಂದ ಪರ್ಸೆಂಟ್ ಕೇಳಬೇಡಿ. ಶುರುವಾದ ದಿನ, ಮುಗಿದ ದಿನ, ಮುಗಿಯದಿದ್ದರೆ ಇನ್ನೆಷ್ಟು ದಿನ ಬೇಕು, ಇಷ್ಟು ಕೇಳಿ. ಮೂರನೆಯದನ್ನೂ ಅಂದಾಜಿಗೆ ಬಿಡದೆ ಅಳತೆಯಿಂದ ತೆಗೆಯಿರಿ. ಉದಾಹರಣೆಗೆ ಬ್ಲಾಕ್ ಕಟ್ಟಡ 600 ಚದರ ಮೀಟರ್, ಅವಧಿ 20 ದಿನ, ಅಂದರೆ ದಿನಕ್ಕೆ 30. ಹತ್ತು ದಿನ ಕಳೆದಾಗ ಎಂಜಿನಿಯರ್ ಬಾಯಲ್ಲಿ "ಅರ್ಧ ಆಯ್ತು" ಎಂದೇ ಬರುತ್ತದೆ. ಟೇಪ್ ಹಿಡಿದರೆ 240. ದಿನಕ್ಕೆ 24ರ ವೇಗದಲ್ಲಿ ಉಳಿದ 360ಕ್ಕೆ 15 ದಿನ ಬೇಕು, ಅಂದರೆ ಐದು ದಿನ ತಡ. ಗೌಂಡಿಗಳನ್ನು ಹೆಚ್ಚಿಸುತ್ತೇವೆ ಎಂದು ಯಾರಾದರೂ ಹೇಳಿದರೆ, ಅವರು ಬಂದು ಕರಣಿ ಹಿಡಿದ ಮೇಲೆ ಆ 15 ಇಳಿಸಿ.

ತುಂಬುವ ಕ್ರಮ ಹೀಗೆ. ಪ್ರಾಜೆಕ್ಟ್ ಟ್ಯಾಬ್‌ನಲ್ಲಿ ಮೊದಲು ಸ್ಟೇಟಸ್ ಡೇಟ್ (ಯಾವ ದಿನದವರೆಗಿನ ಪ್ರಗತಿ ಎಂಬ ತಾರೀಖು) ಹಾಕಿ, ನಿಮ್ಮ ಲೆಕ್ಕದಲ್ಲಿ ಆ ಶನಿವಾರ. ಟೇಬಲ್ ಅನ್ನು ಟ್ರ್ಯಾಕಿಂಗ್‌ಗೆ ಬದಲಿಸಿ ಆಕ್ಚುವಲ್ ಸ್ಟಾರ್ಟ್, ಆಕ್ಚುವಲ್ ಫಿನಿಶ್ ತುಂಬಿ; ನಡೆದಿರುವ ಕೆಲಸಕ್ಕೆ ಆಕ್ಚುವಲ್ ಡ್ಯುರೇಶನ್ (ಮೇಲಿನದಕ್ಕೆ 10), ರಿಮೇನಿಂಗ್ ಡ್ಯುರೇಶನ್ (15). ಪರ್ಸೆಂಟ್ ತಾನೇ ಬರುತ್ತದೆ, ಅದನ್ನು ಮುಟ್ಟಬೇಡಿ. ಆಮೇಲೆ ಅಪ್‌ಡೇಟ್ ಪ್ರಾಜೆಕ್ಟ್ ತೆರೆದು, ಮುಗಿಯದ ಕೆಲಸವನ್ನು ಸ್ಟೇಟಸ್ ಡೇಟ್ ನಂತರಕ್ಕೆ ತಳ್ಳುವ ಆಯ್ಕೆ ಒತ್ತಿ. ಆಪ್ಷನ್ಸ್‌ನಲ್ಲಿ "ಸ್ಪ್ಲಿಟ್ ಇನ್-ಪ್ರೋಗ್ರೆಸ್ ಟಾಸ್ಕ್ಸ್" ಆನ್ ಇರಲಿ, ಇಲ್ಲವಾದರೆ ಅರ್ಧಕ್ಕೆ ನಿಂತ ಕೆಲಸ ಜರುಗುವುದಿಲ್ಲ. ಮುಗಿಸಿದ ಮೇಲೆ ಒಂದು ಪರೀಕ್ಷೆ: ಸ್ಟೇಟಸ್ ಡೇಟ್‌ನ ಎಡಕ್ಕೆ ಬಾಕಿ ಕೆಲಸ, ಬಲಕ್ಕೆ ಆಕ್ಚುವಲ್ ತಾರೀಖು, ಎರಡೂ ಇರಬಾರದು.

ಗೌಂಡಿ ಲೆಕ್ಕ

ಮ್ಯಾಲಿನದು ಬರೋಬ್ಬರಿ. ಆದ್ರ ಕ್ಯಾಲೆಂಡರ್ ಸುಳ್ಳಿದ್ರ ಎಷ್ಟು ಅಪ್‌ಡೇಟ್ ಮಾಡಿದ್ರೂ ಅಷ್ಟೇ ನೋಡ್ರಿ. ನಮ್ಮ ಕಡೆ ಏಪ್ರಿಲ್, ಮೇದಾಗ ಸರ್ಕಾರಿ ಆಫೀಸ್ ಮುಂಜಾನೆ 8ರಿಂದ ಮಧ್ಯಾಹ್ನ 1.30ರ ತನಕ ಅಷ್ಟೇ. ಸ್ಲ್ಯಾಬ್ ಕಬ್ಬಿಣ ಚೆಕ್ ಮಾಡಾಕ ಜೆಇ (ಜೂನಿಯರ್ ಎಂಜಿನಿಯರ್) ಸಾಹೇಬ್ರನ್ನ ಮೂರು ಗಂಟೆಗೆ ಕರದ್ರ ಆ ದಿನ ಹೋದಂಗೇ. 40 ಡಿಗ್ರಿ ಮ್ಯಾಲ ಬಿಸಲಾಗ ಕಾಂಕ್ರೀಟ್ ಹಾಕೋ ಬದ್ಲಿ ಸಂಜಿಕೆ ಹಾಕತಾರ, ಹಂಗಾಗಿ ಚೆಕಿಂಗ್ ಹಿಂದಿನ ದಿನ ಮುಂಜಾನಿಗೇ ಇಟ್ಟುಕೊಳ್ರಿ. ಈ ಎರಡು ತಿಂಗಳಿಗೆ ಬ್ಯಾರೇ ಕ್ಯಾಲೆಂಡರ್ ಮಾಡಿಡ್ರಿ.

ಡಿಸೆಂಬರ್, ಜನವರಿ ತೊಗರಿ ರಾಶಿ. ಹಳ್ಳಿಯಿಂದ ಬರೋ ಹೆಲ್ಪರ್ ಮಂದಿ ಹೊಲದಾಗ ಇರತಾರ. ಹೋಳಿ ಆಗಿ ಐದನೇ ದಿನಕ್ಕ ಶರಣಬಸವೇಶ್ವರ ಜಾತ್ರಿ, ಆ ವಾರಾನೂ ಹಾಜರಿ ಕಡಿಮಿ. ಮಳಿಗಾಲದಾಗ ಫುಟಿಂಗ್ (ಪಾಯದ ಬುಡ) ಇನ್ನೂ ಬಾಕಿ ಇದ್ರ ಎರಿ ಮಣ್ಣಿನಾಗ ಲಾರಿ ಒಳಗ ಬರಲ್ಲ, ಗುಂಡಿ ನೀರು ತಗದ ಮ್ಯಾಲೂ ಕೆಸರು ಕೆರದು ಪಿಸಿಸಿ (ಕಬ್ಬಿಣ ಇಲ್ಲದ ಕಾಂಕ್ರೀಟ್) ಹಾಕಬೇಕು. ಮಳಿ ನಿಂತ ಮರುದಿನವೇ ಕೆಲಸ ಅಂತ ಶೆಡ್ಯೂಲ್‌ನಾಗ ಬರೀಬ್ಯಾಡ್ರಿ.

ಕ್ಯೂರಿಂಗ್ (ಕಾಂಕ್ರೀಟ್‌ಗೆ ನೀರು ಹೊಡೆಯೋದು) ಭಾನುವಾರನೂ ನಡೀತದ, ಆರು ದಿನದ ಕ್ಯಾಲೆಂಡರ್‌ಗೆ ಹಾಕಿದ್ರ ಸುಮ್ಮನ ದಿನ ಬೆಳೀತಾವ. ಅದಕ್ಕ ಎಲ್ಯಾಪ್ಸ್‌ಡ್ ಡೇಸ್ (ರಜಾನೂ ಸೇರಿಸಿ ಎಣಿಸೋ ದಿನ) ಬಳಸ್ರಿ. ಐಎಸ್ 456 (ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ) ಪ್ರಕಾರ ಒಣ ಬಿಸಲಾಗ ಕಡಿಮಿ ಅಂದ್ರ 10 ದಿನ, ಪಿಪಿಸಿ (ಹಾರುಬೂದಿಯಂಥಾದ್ದು ಬೆರಸಿದ) ಸಿಮೆಂಟಾದ್ರ 14 ತನಕ ನೀರು ಹೊಡೆಯೋದು ಚಲೋ. ಸ್ಲ್ಯಾಬ್ ಕೆಳಗಿನ ಜಾಕಿ (ಆಧಾರದ ಕಂಬ) 4.5 ಮೀಟರ್ ತನಕದ ಸ್ಪ್ಯಾನಿಗೆ (ಆಧಾರಗಳ ನಡುವಿನ ಅಂತರ) 7 ದಿನ ಬಿಚ್ಚಬಾರದು, ಅದಕ್ಕಿಂತ ದೊಡ್ಡದಕ್ಕ 14. ಅದೂ ಓಪಿಸಿ (ಸಾದಾ ಸಿಮೆಂಟ್) ಲೆಕ್ಕ, ಪಿಪಿಸಿ ಇದ್ರ ಹೆಚ್ಚಿಗಿ ಎಷ್ಟು ಅಂತ ಎಂಜಿನಿಯರ್ ಹತ್ರ ಬರಿಸಿಕೊಳ್ರಿ. ಒಂದೇ ಸೆಟ್ ಸೆಂಟ್ರಿಂಗ್ ಪ್ಲೇಟ್ ಇದ್ರ "ಜಾಕಿ ಬಿಚ್ಚೋದು" ಅಂತ ಬ್ಯಾರೇ ಸಾಲು ಹಾಕಿ ಮುಂದಿನ ಸೆಂಟ್ರಿಂಗ್‌ಗೆ ಲಿಂಕ್ ಕೊಡ್ರಿ. ಭಾಳ ಶೆಡ್ಯೂಲ್‌ನಾಗ ಈ ಸಾಲೇ ಇರಲ್ಲ.

ಸೈಟ್ ಆಫೀಸ್, ಕಲಬುರಗಿ

ಆಕ್ಚುವಲ್ ತಾರೀಖು ಎಲ್ಲಾ ತುಂಬಿದೆ. ಎರಡನೇ ಸ್ಲ್ಯಾಬ್ 26 ದಿನ ಮುಂದ ಹೋತು. ಆದ್ರ ಪ್ಲಾಸ್ಟರ್, ಫರಸಿ, ಬಣ್ಣ ಎಲ್ಲಾ ಇದ್ದಲ್ಲೇ ಅವ. ಹ್ಯಾಂಡ್‌ಓವರ್ ತಾರೀಖೂ ಹಂಗೇ ಅದ.

ಪ್ಲಾನಿಂಗ್ ಟೇಬಲ್

ಪ್ಲಾಸ್ಟರ್‌ಗೆ ಪ್ರೆಡೆಸೆಸರ್ (ಲಿಂಕ್ ಕೊಟ್ಟ ಹಿಂದಿನ ಕೆಲಸ) ಇದೆಯೇ ನೋಡಿ. ಸ್ಟಾರ್ಟ್ ಕಾಲಮ್‌ನಲ್ಲಿ ಕೈಯಿಂದ ತಾರೀಖು ಬರೆದು ಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ಹಾಗೆ ಬರೆದರೆ ಆ ತಾರೀಖಿಗಿಂತ ಮುಂಚೆ ಶುರುವಾಗದಂತೆ ಕನ್‌ಸ್ಟ್ರೇಂಟ್ (ತಾರೀಖಿನ ಕಟ್ಟು) ಕೂರುತ್ತದೆ. ಲಿಂಕ್ ಇದ್ದರೆ ತಡ ಮುಂದಕ್ಕೆ ತಳ್ಳುತ್ತದೆ, ಲಿಂಕೇ ಇಲ್ಲದಿದ್ದರೆ ಅಲುಗಾಡುವುದಿಲ್ಲ. ಸಾಲಿನ ಮುಂದೆ ಪಿನ್ ಗುರುತು ಇದ್ದರೆ ಅದು ಮ್ಯಾನುವಲ್ ಶೆಡ್ಯೂಲ್, ಆಟೋಗೆ ಬದಲಿಸಿ. ಹ್ಯಾಂಡ್‌ಓವರ್‌ಗೆ "ಮಸ್ಟ್ ಫಿನಿಶ್ ಆನ್" ಇದ್ದರೆ ತೆಗೆದು, ಕರಾರಿನ ತಾರೀಖನ್ನು ಡೆಡ್‌ಲೈನ್ ಕಾಲಮ್‌ಗೆ ಹಾಕಿ. ಮೀರಿದಾಗ ಕೆಂಪು ಗುರುತು ಬರುತ್ತದೆ, ಲೆಕ್ಕ ಕಟ್ಟಿಹಾಕುವುದಿಲ್ಲ. ಕನ್‌ಸ್ಟ್ರೇಂಟ್ ಟೈಪ್, ಪ್ರೆಡೆಸೆಸರ್, ಸಕ್ಸೆಸರ್ (ಲಿಂಕ್ ಕೊಟ್ಟ ಮುಂದಿನ ಕೆಲಸ), ಟೋಟಲ್ ಸ್ಲ್ಯಾಕ್ (ಒಟ್ಟು ಮುಗಿಯುವ ತಾರೀಖು ಕದಲದೆ ಆ ಕೆಲಸ ತಡವಾಗಬಹುದಾದ ದಿನ) ನಾಲ್ಕೂ ಪಕ್ಕಪಕ್ಕ ಇಟ್ಟು ಓದಿ. ಸಕ್ಸೆಸರ್ ಖಾಲಿ ಇರುವ ಸಾಲಿಗೆ ನೂರಾರು ದಿನ ಸ್ಲ್ಯಾಕ್ ತೋರಿಸಿದರೆ ನಂಬಬೇಡಿ.

ಬಿಲ್ ಮತ್ತು ಎಂಬಿ (ಅಳತೆ ಪುಸ್ತಕ)

ತಾರೀಖು ಮುಂದ ಹೋದದ್ದು ನೋಡಿ ಯಾರರ ಬೇಸ್‌ಲೈನ್ ಮತ್ತ ಸೆಟ್ ಮಾಡು ಅಂದ್ರ ಮಾಡಬ್ಯಾಡ್ರಿ, ತಡ ಆದದ್ದೇ ಅಳಸಿ ಹೋಗತದ. ಎಕ್ಸ್‌ಟೆನ್ಶನ್ ಮಂಜೂರಾತಿ ಪತ್ರ ಕೈಗೆ ಬಂದ ಮ್ಯಾಲ ಹೊಸದನ್ನ ಬೇಸ್‌ಲೈನ್ 1ರಾಗ ಇಡ್ರಿ, ಹಳೇದು ಇರಲಿ. ಪ್ರತಿ ಅಪ್‌ಡೇಟ್ ಸ್ಟೇಟಸ್ ಡೇಟ್ ಹೆಸರಿನ ಬ್ಯಾರೇ ಫೈಲ್ ಆಗಿ ಉಳಸ್ರಿ. ಡ್ರಾಯಿಂಗ್ ತಡ, ಕರೆಂಟ್ ಕಂಬ ತಗಿಯೋದು ತಡ ಇಂಥಾವು ಹಿಂಡ್ರೆನ್ಸ್ (ಅಡಚಣಿ) ರಿಜಿಸ್ಟರ್‌ನಾಗ ಅದೇ ವಾರ ಬರದು ಎರಡೂ ಕಡೆ ಸಹಿ ತಗೊಳ್ರಿ, ರಿಜಿಸ್ಟರ್ ಸಾಲಿನ ನಂಬರ್ ಆ ಟಾಸ್ಕ್‌ನ ನೋಟ್ಸ್‌ನಾಗ ಹಾಕ್ರಿ. ಒಂದೇ ದಿನ ಎರಡು ಕಾರಣ ಇದ್ರ ದಿನ ಎರಡು ಸಲ ಎಣಿಸಬ್ಯಾಡ್ರಿ, ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಆಫೀಸಿನಾಗ ಮೊದಲು ಅದನ್ನೇ ಕಡೀತಾರ.