ಅಪ್‌ಡೇಟ್: ಅಮ್ಮನ ಕೈ ಉಳುಕಿರಲಿಲ್ಲ, ಮುರಿದೇ ಇತ್ತು

ಮೊನ್ನೆ ಕೇಳಿದ್ದೆನಲ್ಲ, ಮಲ್ಲೇಶ್ವರದ ಫುಟ್‌ಪಾತ್‌ನಲ್ಲಿ ಅಮ್ಮ ಕೈಯೂರಿ ಬಿದ್ದರು, ಮಣಿಕಟ್ಟು ಊದಿದೆ, ಆದರೆ ಬೆರಳು ಆಡುತ್ತಿದೆ, ಬರೀ ಉಳುಕು ಅಲ್ವಾ ಅಂತ? ಅಲ್ಲ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರುವುದು ಕಂಡಿತು. ಬೆರಳು ಆಡುತ್ತೆ ಅಂತ ಸುಮ್ನೆ ಕೂತಿದ್ದರೆ ಕಷ್ಟವಿತ್ತು.

ಪಕ್ಕದ ಮನೆ ಅಜ್ಜಿ ಎಣ್ಣೆ ಹಾಕಿ ನೀವಲು ಬಂದರು. ಊದಿದ ಕೈಯನ್ನು ತಿಕ್ಕಬೇಡಿ ಅಂತ ನೀವೆಲ್ಲ ಹೇಳಿದ್ದು ನೆನಪಾಗಿ ತಡೆದೆ. ದಪ್ಪ ಪತ್ರಿಕೆಯೊಂದನ್ನು ಮಣಿಕಟ್ಟಿನ ಸುತ್ತ ಮಡಚಿ ಕಟ್ಟಿ, ದುಪಟ್ಟಾದಲ್ಲಿ ಕೈ ತೂಗುಹಾಕಿ, ಆಟೋ ಹತ್ತಿಸಿದೆ. ಬಳೆಗಳನ್ನು ಮೊದಲೇ ತೆಗೆಸಿದ್ದೆ, ಪುಣ್ಯ! ಆಸ್ಪತ್ರೆ ತಲುಪುವಷ್ಟರಲ್ಲಿ ಊತ ಇನ್ನೂ ಜಾಸ್ತಿಯಾಗಿತ್ತು. ದಾರಿಯ ಒಂದೊಂದು ಹಂಪ್‌ಗೂ ಅಮ್ಮನಿಂದ ನನಗೇ ಬೈಗುಳ.

ಈಗ 6 ವಾರ ಪ್ಲಾಸ್ಟರ್. ಬೆರಳು ಮರಗಟ್ಟಿದರೆ, ನೀಲಿಯಾದರೆ ತಕ್ಷಣ ಬನ್ನಿ ಅಂದಿದ್ದಾರೆ. ಸದ್ಯ ಅಡುಗೆ ನನ್ನದು, ಕುರ್ಚಿಯಿಂದ ಆರ್ಡರ್ ಅಮ್ಮನದು.