ಸೀಟು ಒಂದಲ್ಲ, ಎರಡು

ಅಕ್ಕಾ, ನಿನ್ನೆ ರಾತ್ರಿ ನೀನು ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದ್ದನ್ನು ಈಗ ನೋಡಿದೆ. ಪುಟ್ಟಿಗೆ ಇಂಗ್ಲಿಷ್ ಬಿ.ಎ. ಮಾಡಬೇಕು, ಅದರಲ್ಲೂ ಕಥೆ, ಕವಿತೆ ಬರೆಯಲು ಕಲಿಸುವ ಆ ಕ್ರಿಯೇಟಿವ್ ರೈಟಿಂಗ್ ಬೇಕು, ಆದರೆ ಸೀಟು ಕಡಿಮೆಯಂತೆ, ಏನು ಮಾಡುವುದು ಅಂತ. ಅದರ ಕೆಳಗೆ ಮಾವ "ಕಥೆ ಬರೆಯಲಿಕ್ಕೂ ಕಾಲೇಜಾ?" ಅಂತ ಬರೆದು ನಗುವ ಮುಖ ಬೇರೆ ಹಾಕಿದ್ದಾರೆ. ಅವರಿಗೆ ಆಮೇಲೆ ಹೇಳುತ್ತೇನೆ. ಇದನ್ನೆಲ್ಲ ಟೈಪ್ ಮಾಡಲು ನನ್ನಿಂದಾಗದು, ಅದಕ್ಕೇ ಈ ವಾಯ್ಸ್ ಮೆಸೇಜ್. ಉದ್ದ ಆಗುತ್ತದೆ, ತೆಂಗಿನಕಾಯಿ ತುರಿಯುತ್ತಾ ಕೇಳು.

ನೋಡು, ಸೀಟು ಸೀಟು ಅಂತ ಎಲ್ಲರೂ ಒಂದೇ ಸೀಟಿನ ಮಾತಾಡುತ್ತೀರಿ. ಈಗ ಅದು ಎರಡು. ಕಾಲೇಜಿಗೆ ಸೇರುವ ಸೀಟು ಒಂದು. ಸೇರಿದ ಮೇಲೆ ಬೇಕಾದ ಕೋರ್ಸಿನ ಸೀಟು ಇನ್ನೊಂದು. ಮೊದಲನೆಯದಕ್ಕೆ ಮನೆಮಂದಿಯೆಲ್ಲ ನಿದ್ದೆಗೆಡುತ್ತಾರೆ. ಅದು ಸಿಕ್ಕಿತು ಅಂದಾಗ ಪಾಯಸ ಮಾಡಿ ಸುಮ್ಮನಾಗಿಬಿಡುತ್ತಾರೆ. ಎರಡನೆಯದು ಕೈ ತಪ್ಪುವುದು ಆಗಲೇ.

ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಬಂತಲ್ಲ, ಅದರಿಂದ ಹೀಗಾಗಿದೆ. ಒಂದೊಂದು ಕೋರ್ಸ್ ಪಾಸಾದಾಗ ಇಷ್ಟು ಅಂತ ಕ್ರೆಡಿಟ್ ಸೇರುತ್ತದೆ, ಮೂರು ವರ್ಷಕ್ಕೆ ಅಂಥ 133 ಕ್ರೆಡಿಟ್ ಮುಗಿಸಿದರೆ ಡಿಗ್ರಿ ಹಿಡಿದು ಹೊರಗೆ ಬರಬಹುದು. ನಾಲ್ಕನೆಯ ವರ್ಷವೂ ಓದಿ 177 ಮಾಡಿದರೆ ಆನರ್ಸ್. ಮುಖ್ಯ ವಿಷಯ ಮೇಜರ್. ಅದರ ಜೊತೆ ಮೈನರ್ ಅಂದರೆ ಜೊತೆಯ ವಿಷಯ, ಎಂಡಿಸಿ ಅಂದರೆ ಮಲ್ಟಿ ಡಿಸಿಪ್ಲಿನರಿ ಕೋರ್ಸ್, ಹೀಗೆ ಬೇರೆ ವಿಭಾಗದ ಕೋರ್ಸುಗಳನ್ನು ಮಕ್ಕಳೇ ಆರಿಸಬೇಕು. ಒಂದೊಂದು ಕೋರ್ಸಿಗೂ ಇಷ್ಟೇ ಜನ ಅಂತ ಮಿತಿ ಇರುತ್ತದೆ. ಕ್ರಿಯೇಟಿವ್ ರೈಟಿಂಗ್ ಇದರೊಳಗೆ ಎಲ್ಲಾದರೂ ಬರುತ್ತದೆ, ಒಂದು ಕಾಲೇಜಿನಲ್ಲಿ ಮೊದಲ ವರ್ಷವೇ, ಇನ್ನೊಂದರಲ್ಲಿ ಮೂರನೆಯ ವರ್ಷ. ಕೆಲವು ಕಡೆ ಪಟ್ಟಿಯಲ್ಲಿ ಹೆಸರಿರುತ್ತದೆ, ಕಲಿಸುವವರು ಇಲ್ಲ ಅಂತ ಆ ವರ್ಷ ನಡೆಸುವುದೇ ಇಲ್ಲ. ಹಾಗಾಗಿ ಪಟ್ಟಿ ನೋಡಿ ಖುಷಿಪಡಬೇಡಿ. ಇಂಗ್ಲಿಷ್ ವಿಭಾಗಕ್ಕೆ ಫೋನ್ ಮಾಡಿ, ಇಲ್ಲಾ ನೇರ ಹೋಗಿ, "ಈ ವರ್ಷ ಆ ಕೋರ್ಸ್ ನಡೆಯುತ್ತದಾ, ಎಷ್ಟು ಮಕ್ಕಳನ್ನು ತೆಗೆದುಕೊಳ್ಳುತ್ತೀರಿ, ಯಾವ ಸೆಮಿಸ್ಟರಿನಲ್ಲಿ?" ಅಂತ ಕೇಳಿ. ಪುಟ್ಟಿಯೇ ಕೇಳಲಿ. ನೀನು ಮುಂದೆ ನಿಂತು ಮಾತಾಡಬೇಡ, ನಿನ್ನ ಸ್ವಭಾವ ಗೊತ್ತು ನನಗೆ.

ಈಗ ಕಾಲೇಜಿನ ಸೀಟಿಗೆ ಬರೋಣ. ನಮ್ಮ ಕಾಸರಗೋಡು ಜಿಲ್ಲೆ ಕಣ್ಣೂರು ಯೂನಿವರ್ಸಿಟಿಗೆ ಸೇರಿದ್ದು. ಒಂದೇ ಆನ್‌ಲೈನ್ ಅಪ್ಲಿಕೇಶನ್, ಅದರಲ್ಲಿ ಕಾಲೇಜು ಮತ್ತು ವಿಷಯದ ಆಪ್ಷನ್‌ಗಳನ್ನು ಸಾಲಾಗಿ ಹಾಕುವುದು. ಎಲ್ಲರೂ ಎಡವುವುದು ಈ ಸಾಲಿನಲ್ಲಿ. ಎಲ್ಲಿ ಸುಲಭವಾಗಿ ಸಿಗಬಹುದು ಅಂತ ಲೆಕ್ಕ ಹಾಕಿ ಅದನ್ನು ಮೇಲೆ ಹಾಕುತ್ತಾರೆ. ಹಾಗೆ ಮಾಡಬೇಡಿ. ಎಲ್ಲಕ್ಕಿಂತ ಬೇಕಾದ್ದು ಮೊದಲು, ಅದಕ್ಕಿಂತ ಕಡಿಮೆ ಬೇಕಾದ್ದು ಆಮೇಲೆ. ಮೇಲೆ ಹಾಕಿದ್ದು ಸಿಗದಿದ್ದರೆ ಕೆಳಗಿನದಕ್ಕೆ ಏನೂ ನಷ್ಟ ಇಲ್ಲ. ಆದರೆ ಹೋಗಲು ಮನಸ್ಸಿಲ್ಲದ ಕಾಲೇಜನ್ನು ಸುಮ್ನೆ ತುಂಬಿಸಲಿಕ್ಕೆ ಅಂತ ಹಾಕಲೇಬೇಡಿ. ಅದೇ ಅಲಾಟ್ ಆದರೆ ಹೇಳಿದ ದಿನದೊಳಗೆ ಫೀಸ್ ಕಟ್ಟಬೇಕು. ಕಟ್ಟದಿದ್ದರೆ ಅಲಾಟ್‌ಮೆಂಟಿನ ಸಾಲಿನಿಂದಲೇ ಹೊರಗೆ. ಕಟ್ಟಿದರೆ ಮೇಲಿನ ಆಪ್ಷನ್‌ಗಳು ಜೀವಂತ ಇರುತ್ತವೆ, ಮುಂದಿನ ಸುತ್ತಿನಲ್ಲಿ ಅದು ಬಂದರೆ ಕೆಳಗಿನದು ತಾನಾಗಿ ಹೋಗುತ್ತದೆ. ಈಗ ಸಿಕ್ಕಿದ್ದೇ ಸಾಕು ಅನಿಸಿದರೆ ಹೈಯರ್ ಆಪ್ಷನ್ ಕ್ಯಾನ್ಸಲ್ ಮಾಡಲು ಮರೆಯಬಾರದು. ಇಲ್ಲದಿದ್ದರೆ ಕಾಸರಗೋಡಿನಲ್ಲಿ ಆರಾಮವಾಗಿ ಕೂತವಳನ್ನು ಎಬ್ಬಿಸಿ ಕಣ್ಣೂರಿಗೆ ಕಳಿಸುತ್ತದೆ.

ಕಾಗದ ಪತ್ರದ ವಿಷಯ ಭಾವನಿಗೆ. ಆದಾಯದ ಸರ್ಟಿಫಿಕೇಟ್, ನೇಟಿವಿಟಿ, ಜಾತಿಯದ್ದು, ಮೀಸಲಾತಿ ಇದ್ದವರಿಗೆ ನಾನ್ ಕ್ರೀಮಿ ಲೇಯರ್, ಇವುಗಳಲ್ಲಿ ನಿಮಗೆ ಯಾವುದು ಬೇಕೋ ಅದಕ್ಕೆ ಸರ್ಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಈಗಲೇ ಅರ್ಜಿ ಹಾಕಿಸಿ. ಅಲಾಟ್‌ಮೆಂಟ್ ಬಂದ ಮೇಲೆ ವಿಲೇಜ್ ಆಫೀಸಿಗೆ ಓಡಿದರೆ ಅಲ್ಲಿ ಊರಿಡೀ ಅದೇ ಕೆಲಸಕ್ಕೆ ನಿಂತಿರುತ್ತದೆ. ಪುಟ್ಟಿ ಪ್ಲಸ್ ಟುವಿನಲ್ಲಿ ಎನ್ಎಸ್ಎಸ್‌ನಲ್ಲಿ ಇದ್ದಳಲ್ವಾ? ಆ ಸರ್ಟಿಫಿಕೇಟನ್ನೂ ತೆಗೆದಿಡಿ, ಅದಕ್ಕೂ ಅಂಕ ಉಂಟು.

ಮಂಗಳೂರಿಗೆ ಹೋಗಲಿ ಅಂತ ಅತ್ತೆ ಬರೆದಿದ್ದಾರೆ. ತಪ್ಪಿಲ್ಲ, ನಮ್ಮ ಕಡೆಯ ಎಷ್ಟೋ ಮಕ್ಕಳು ಬೆಳಗ್ಗಿನ ರೈಲು ಹತ್ತಿ ಹೋಗುತ್ತಾರೆ. ಆದರೆ ಕರ್ನಾಟಕದಲ್ಲಿ 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೇ ಹಿಂದಿರುಗಿದರು. ಇಲ್ಲಿ ಬೇಕಾದರೆ ನಾಲ್ಕನೆಯ ವರ್ಷವೂ ಓದಬಹುದು, ಅಲ್ಲಿ ಮೂರೇ, ಅದನ್ನು ಗೊತ್ತಿಟ್ಟುಕೊಂಡು ಹೋಗಲಿ. ಬೇರೆ ರಾಜ್ಯದ ಬೋರ್ಡ್ ಅಂತ ಎಲಿಜಿಬಿಲಿಟಿ ಸರ್ಟಿಫಿಕೇಟನ್ನೂ ಕೇಳುತ್ತಾರೆ. ಇನ್ನೊಂದು, ಕಣ್ಣೂರಿನ ಅಲಾಟ್‌ಮೆಂಟ್ ಮುಗಿಯುವ ಮೊದಲೇ ಅಲ್ಲಿ ಒರಿಜಿನಲ್ ಟಿ.ಸಿ. ಕೊಟ್ಟುಬಿಟ್ಟರೆ ಇಲ್ಲಿ ಒಳ್ಳೆಯ ಸೀಟು ಬಂದಾಗ ಅದನ್ನು ವಾಪಸ್ ಕೇಳಲು ತಲಪಾಡಿ ಗಡಿ ದಾಟಿ ಓಡಬೇಕಾದೀತು.

ಇನ್ನು ಆ ಎರಡನೆಯ ಸೀಟು. ಅಮೆರಿಕದಿಂದ ಅಣ್ಣ ಹಾಕಿದ ಮೆಸೇಜ್ ನೋಡಿದೆಯಾ? ಮಗನಿಗೆ ಕಾಲೇಜು ಸಿಕ್ಕಿದೆ, ಕ್ರಿಯೇಟಿವ್ ರೈಟಿಂಗ್ ಕ್ಲಾಸ್ ಭರ್ತಿ, ವೇಟ್‌ಲಿಸ್ಟ್‌ನಲ್ಲಿ ಇದ್ದಾನೆ ಅಂತ. ಕೆಲವರು ಪಾಪ, ಕಾಲೇಜೇ ಸಿಗಲಿಲ್ಲ ಅಂದುಕೊಂಡು ಸಮಾಧಾನ ಹೇಳಿದಿರಿ. ಅಲ್ಲಿ ಮೊದಲಿನಿಂದಲೂ ಹಾಗೇ. ಕಾಲೇಜಿಗೆ ಸೇರಿದ ಮೇಲೆ ಪ್ರತಿ ಕೋರ್ಸಿಗೂ ಬೇರೆ ಬೇರೆಯಾಗಿ ಹೆಸರು ಹಾಕಬೇಕು. ಎಷ್ಟೋ ಕಡೆ ಮೊದಲ ವರ್ಷದ ಇಂಗ್ಲಿಷ್ ಬರವಣಿಗೆಯ ಕೋರ್ಸ್ ಪಾಸಾಗದೆ ಕಥೆ ಬರೆಯುವ ಕ್ಲಾಸಿಗೆ ಬಿಡುವುದಿಲ್ಲ. ಕಾಲೇಜು ಮಟ್ಟದ ಬರವಣಿಗೆ ಕಲಿಸುವವರ ಒಂದು ದೊಡ್ಡ ಸಂಘಟನೆ ಅಲ್ಲಿದೆ. ಬರವಣಿಗೆಯ ಕ್ಲಾಸಿನಲ್ಲಿ 20ಕ್ಕಿಂತ ಹೆಚ್ಚು ಜನ ಬೇಡ, 15 ಇದ್ದರೆ ಒಳ್ಳೆಯದು ಅಂತ ಅವರೇ ಹೇಳಿದ್ದಾರೆ. ಯಾಕೆ ಅಂದರೆ ಅಲ್ಲಿ ಪಾಠ ಅಂದರೆ ಮಕ್ಕಳು ಬರೆದದ್ದೇ. ಒಬ್ಬಳು ಕಥೆ ತರುತ್ತಾಳೆ, ಉಳಿದವರೆಲ್ಲ ಮೊದಲೇ ಓದಿ ಬಂದಿರುತ್ತಾರೆ, ಸುತ್ತ ಕೂತು ಮಾತಾಡುತ್ತಾರೆ. ಅರುವತ್ತು ಜನರನ್ನು ಕೂರಿಸಿದರೆ ಒಬ್ಬೊಬ್ಬರ ಸರದಿ ಬರುವಾಗ ಸೆಮಿಸ್ಟರೇ ಮುಗಿದಿರುತ್ತದೆ.

ಮಾವ, ನಿಮಗೆ ಉತ್ತರ ಇಲ್ಲೇ ಉಂಟು. ಕಥೆ ಬರೆಯಲು ಕಾಲೇಜು ಬೇಕೇ ಬೇಕು ಅಂತ ಯಾರೂ ಹೇಳುತ್ತಿಲ್ಲ. ಚೆಂಡೆ ಕೇಳುತ್ತಲೇ ಬೆಳೆದವನೂ ಭಾಗವತರ ಹತ್ತಿರ ತಾಳ ಕಲಿಯಲು ಕೂರುತ್ತಾನಲ್ಲ? ನೀವೇ ಎಳೆವೆಯಲ್ಲಿ ಕೂತವರು. ಬರೆದದ್ದನ್ನು ಗಮನವಿಟ್ಟು ಓದಿ, ಇಲ್ಲಿ ಸಡಿಲ ಆಯಿತು, ಇಲ್ಲಿ ಸುಳ್ಳು ಅನಿಸಿತು ಅಂತ ಮುಖದ ಮೇಲೆ ಹೇಳುವವರು ಮನೆಯಲ್ಲಿ ಸಿಗುವುದಿಲ್ಲ. ನಾವೆಲ್ಲ "ಭಾರೀ ಲಾಯ್ಕ ಆಗಿದೆ" ಅಂತ ಹೇಳಿ ಎದ್ದು ಹೋಗುವವರು.

ಅಕ್ಕಾ, ಪುಟ್ಟಿಗೆ ಹೇಳು. ಅಡ್ಮಿಷನ್ ಆದ ದಿನವೇ ಕೋರ್ಸ್ ಆಯ್ಕೆ ಯಾವಾಗ ಅಂತ ಕೇಳಿಕೊಂಡು ಬರಲಿ. ಆ ನೋಟಿಸ್ ಸಾಮಾನ್ಯವಾಗಿ ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಬರುತ್ತದೆ, ಬೇರೆ ಮೆಸೇಜ್‌ಗಳ ನಡುವೆ ಮುಳುಗಿಹೋಗುತ್ತದೆ. ಬೇಕಾದ್ದು ಭರ್ತಿಯಾಗಿದ್ದರೂ ಮೊದಲ ಕ್ಲಾಸಿಗೆ ಹೋಗಿ ಮೇಡಂ ಹತ್ತಿರ "ಯಾರಾದರೂ ಬಿಟ್ಟರೆ ನನಗೆ ಕೊಡುತ್ತೀರಾ" ಅಂತ ಕೇಳಲಿ. ಶುರುವಿನಲ್ಲಿ ಮಕ್ಕಳು ಅತ್ತಿತ್ತ ಬದಲಾಯಿಸುವುದು ಉಂಟು. ಹೋಗುವಾಗ ತಾನು ಬರೆದ ಎರಡು ಪುಟ ಕೈಯಲ್ಲಿರಲಿ. ಯಾರೂ ಕೇಳಲಿಕ್ಕಿಲ್ಲ. ಕೇಳಿದರೆ ಇರಬೇಕು.

ಕನ್ನಡ ಮೀಡಿಯಂ ಅಂತ ನಿನಗೆ ಹೆದರಿಕೆ. ಗ್ರಾಮರ್ ತಪ್ಪಿದರೆ ತಿದ್ದಬಹುದು. ಓದದಿದ್ದರೆ ಏನೂ ಮಾಡಲಾಗದು. ರಜೆಯಲ್ಲಿ ದಿನಕ್ಕೆ ಸ್ವಲ್ಪವಾದರೂ ಇಂಗ್ಲಿಷ್ ಕಥೆಗಳನ್ನು ಗಟ್ಟಿಯಾಗಿ ಓದಲಿ. ಬರೆಯುವಾಗ ದಯವಿಟ್ಟು ಹಿಮ, ಚೆರಿ ಹೂವು ಅಂತ ಶುರುಮಾಡಬಾರದು, ಎಲ್ಲ ಮಕ್ಕಳೂ ಹಾಗೇ ಮಾಡುತ್ತಾರೆ. ಬಸ್ಸಿನಲ್ಲಿ ಮಲಯಾಳ, ಅಂಗಡಿಯಲ್ಲಿ ತುಳು, ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಬ್ಯಾರಿ, ಒಂದೇ ದಿನದಲ್ಲಿ ಇಷ್ಟು ಮಾತು ಕೇಳುವ ಹುಡುಗಿ ಅವಳು. ಮಾತುಕತೆ ಬರೆಯಲು ಇಷ್ಟು ಸಾಮಾನು ಬೇರೆ ಯಾರ ಹತ್ತಿರ ಉಂಟು? ಇಂಗ್ಲಿಷ್ ಮೇಜರ್ ಜೊತೆ ಕನ್ನಡ ಮೈನರ್ ಸಿಕ್ಕಿದರೆ ಬಿಡಬಾರದು ಅಂತ ನನ್ನ ಅಭಿಪ್ರಾಯ. ಮುಂದೆ ಎಂ.ಎ.ಗೆ ಪೆರಿಯದ ಸೆಂಟ್ರಲ್ ಯೂನಿವರ್ಸಿಟಿಯೇ ಉಂಟು, ಅಲ್ಲಿಯ ವಿಭಾಗದ ಹೆಸರಿನಲ್ಲೇ ಇಂಗ್ಲಿಷ್ ಜೊತೆ ತೌಲನಿಕ ಸಾಹಿತ್ಯ, ಅಂದರೆ ಬೇರೆ ಬೇರೆ ಭಾಷೆಯ ಸಾಹಿತ್ಯವನ್ನು ಹೋಲಿಸಿ ಓದುವುದು ಉಂಟು. ಎರಡು ಭಾಷೆ ಬಲ್ಲವರಿಗೆ ಅಲ್ಲಿ ಲಾಭ.

ಎಲ್ಲೂ ಆ ಕೋರ್ಸ್ ಸಿಗಲಿಲ್ಲ ಅಂತಿಟ್ಟುಕೋ. ಅಳುತ್ತಾ ಕೂರಬೇಕಾಗಿಲ್ಲ. ದೂರಶಿಕ್ಷಣದ ಇಗ್ನೋ ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಕ್ರಿಯೇಟಿವ್ ರೈಟಿಂಗ್ ಡಿಪ್ಲೊಮಾ ಉಂಟು, ಪ್ಲಸ್ ಟು ಆದವರಿಗೆ ಸಾಕು. ಸಣ್ಣಕಥೆ, ಕವಿತೆ, ಲೇಖನ, ರೇಡಿಯೊ ಟಿವಿಗೆ ಬರೆಯುವುದು, ಎಲ್ಲ ಬರುತ್ತದೆ. ಇಗ್ನೋ ಅಡ್ಮಿಷನ್ ಜನವರಿ, ಜುಲೈ ಅಂತ ವರ್ಷಕ್ಕೆ ಎರಡು ಸಲ. ಡಿಗ್ರಿ ಜೊತೆಗೇ ಮಾಡಬಹುದು, ಒಟ್ಟಿಗೆ ಎರಡು ಕೋರ್ಸ್ ಮಾಡಲು ಯುಜಿಸಿ 2022ರಲ್ಲೇ ಒಪ್ಪಿಗೆ ಕೊಟ್ಟಿದೆ. ಸುತ್ತ ಕೂತು ಮಾತಾಡುವ ಗೆಳೆಯರು ಮಾತ್ರ ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ಮನೆಯ ಹತ್ತಿರದ ಲೈಬ್ರರಿಯಲ್ಲಿ ನಾಲ್ಕು ಮಕ್ಕಳನ್ನು ಸೇರಿಸಿಕೊಳ್ಳಲಿ.

ಹಾಂ, ಕುಕ್ಕರ್ ಕೂಗಿತು, ಇಡುತ್ತೇನೆ. ಆಪ್ಷನ್ ಸಾಲನ್ನು ಸಬ್ಮಿಟ್ ಮಾಡುವ ಮೊದಲು ಫೋಟೋ ತೆಗೆದು ನನಗೆ ಕಳಿಸಲು ಹೇಳು. ಗ್ರೂಪಿಗೆ ಬೇಡ, ಇಲ್ಲಿ ಹಾಕಿದರೆ ಎಲ್ಲರೂ ಸೇರಿ ಅವಳನ್ನು ಬಿ.ಕಾಂ.ಗೆ ಸೇರಿಸಿಬಿಡುತ್ತೀರಿ.